ಗೀಜಗನ ಮೂರನೆಯ ಗೂಡು

ಬಾವಿಯ ಮೇಲೆ ಬಾಗಿದ ಈಚಲಮರದಲ್ಲಿ ಗಂಡು ಗೀಜಗವೊಂದು ಗೂಡು ನೇಯುತ್ತಿತ್ತು. ಅರ್ಧ ನೇಯ್ದ ಗೂಡನ್ನು ಹೆಣ್ಣು ಬಂದು ನೋಡಿ ಒಪ್ಪಬೇಕು, ಆಮೇಲೆಯೇ ಸಂಸಾರ. ಅದು ಆ ಕುಲಕ್ಕೆ ಭಗವಂತನಿಟ್ಟ ಕಟ್ಟಳೆ. ಎರಡು ಗೂಡುಗಳನ್ನು ಹೆಣ್ಣು ಆಗಲೇ ಬೇಡವೆಂದಿತ್ತು. ಗೂಡು ಕಟ್ಟುವ ಕಾಲವೂ ಮುಗಿಯುತ್ತ ಬಂದಿತ್ತು.

"ಮತ್ತೆ ಶುರುವೇನಯ್ಯ? ನಿನ್ನ ಹಣೆಯಲ್ಲಿ ಬರೆದಿಲ್ಲ, ಬಿಡು" ಎಂದು ಕಾಗೆ ನಕ್ಕಿತು.

"ಹಣೆಯಲ್ಲಿ ಬರೆದದ್ದು ನನಗೆ ಕಾಣದು, ಕಾಗಣ್ಣ. ಕೊಕ್ಕಿಗೆ ನೇಯ್ಗೆ ಕಲಿಸಿದವನು ಆ ಭಗವಂತನೇ ಎಂಬುದು ಮಾತ್ರ ಗೊತ್ತು" ಎಂದಿತು ಗೀಜಗ. ಆಮೇಲೆ ಹೆಣ್ಣು ಕೂತಿದ್ದ ಕೊಂಬೆಗೆ ಹಾರಿಹೋಯಿತು. ನಾಚಿಕೆ ಬಿಟ್ಟು ಹೆಣ್ಣನ್ನೇ ಕೇಳಿತು: "ನನ್ನ ಗೂಡಿನಲ್ಲಿ ಏನು ಕೊರತೆ ಕಂಡಿರಿ?"

"ಚೆಂದಕ್ಕೇನೂ ಕೊರತೆಯಿಲ್ಲ. ಹಗುರಾಗಿದೆ, ಗಾಳಿಗೆ ತೂರಾಡುತ್ತದೆ. ಮೊಟ್ಟೆ ಬಾವಿಗೆ ಉರುಳಿದರೆ ಯಾರು ಹೊಣೆ?"

ಗೀಜಗ ದೇವರನ್ನು ನೆನೆಯುತ್ತ ಹೊಸ ಹುಲ್ಲು ಸೀಳಿ ತಂದು ಮೂರನೆಯದನ್ನು ಅರ್ಧದವರೆಗೆ ನೇಯ್ದಿತು. ಈ ಸಲ ಒಳಗೆ ಹಸಿಮಣ್ಣು ಮೆತ್ತಿ ಭಾರ ಕೊಟ್ಟಿತು. ಹೆಣ್ಣು ಬಂದು ಗೂಡನ್ನು ಜಗ್ಗಿತು, ಒಳಗೆ ಕೂತು ನೋಡಿತು, ಹಾಗೇ ಹಾರಿಹೋಯಿತು.

"ನಾನು ಹೇಳಲಿಲ್ಲವೇ?" ಎಂದಿತು ಕಾಗೆ.

ಅಷ್ಟರಲ್ಲಿ ಹೆಣ್ಣು ಕೊಕ್ಕಿನ ತುಂಬ ಅರಳೆ ಕಚ್ಚಿಕೊಂಡು ಮರಳಿತು. ಅದನ್ನು ಗೂಡಿನೊಳಗೆ ಮೆತ್ತಗೆ ಹಾಸಿ, "ಬಾಗಿಲ ಕಡೆ ಬೇಗ ಮುಗಿಸಿ, ಸಂಜೆಗೆ ಮಳೆ ಬರುವ ಹಾಗಿದೆ" ಎಂದಿತು.