ಕಿಡಿಯ ಪೆಟ್ಟಿಗೆ

ಹೊಳೆಯ ಈ ದಂಡೆಗೆ ಮಠ, ಆ ದಂಡೆಗೆ ಊರು. ನಡುವೆ ಸೇತುವೆ ಇಲ್ಲ. ನೀರಿನಡಿ ಕಲ್ಲು ಹಾಸಿದ ದಾರಿಯೊಂದಿದೆ. ಅದರ ಮೇಲೆ ಓಡಾಡಲು ಮಠಕ್ಕಿದ್ದದ್ದು ಒಂದು ಹಳೆಯ ಮೋಟಾರ್ ಸೈಕಲ್, ಅದೂ ಆಗಾಗ ನಡುನೀರಿನಲ್ಲಿ ಕೆಟ್ಟು ನಿಲ್ಲುವಂಥದ್ದು.

ಅದನ್ನು ಓಡಿಸುತ್ತಿದ್ದವನು ಮುರಿಗೆಪ್ಪ. ಮಠಕ್ಕೆ ಶಿಷ್ಯನಾಗಿ ಬರುವ ಮೊದಲು ಗ್ಯಾರೇಜಿನಲ್ಲಿದ್ದ. ಅಲ್ಲಿ ಒಂದು ದಿನ ಸಿಟ್ಟಿನ ಭರದಲ್ಲಿ ಗಿರಾಕಿಯೊಬ್ಬನ ತಲೆಗೆ ನಟ್ಟು ಬಿಗಿಯುವ ಪಾನಾ ಬೀಸಿದ್ದ. ಗಿರಾಕಿ ಬದುಕಿಕೊಂಡ, ಗ್ಯಾರೇಜಿನ ಕೆಲಸ ಉಳಿಯಲಿಲ್ಲ. ಸಿಟ್ಟು ಮಾತ್ರ ಮಠದವರೆಗೂ ಅವನ ಜೊತೆಗೇ ನಡೆದು ಬಂತು.

ಅದನ್ನು ಮರೆಯಗೊಡದವರು ಒಬ್ಬರಿದ್ದರು. ಪರಸಪ್ಪ ಪೈಲ್ವಾನರು, ಮಠದ ಗರಡಿಮನೆ ನೋಡಿಕೊಳ್ಳುವ ಮುದುಕರು. ದಾಸೋಹದ ಹೊತ್ತಿಗೆ ಮುರಿಗೆಪ್ಪ ಸೌಟು ಹಿಡಿದು ಪಂಕ್ತಿಗೆ ಬಂದರೆ ಸಾಕು, ಅವರ ಬಾಯಿ ತೆರೆಯುತ್ತಿತ್ತು.

"ಬಂದಾ ನೋಡ್ರಿ ಗ್ರೀಸಯ್ಯ. ಇವತ್ತ ಯಾರ ತಲೀ ಒಡೀತಿಪಾ?"

ಪಂಕ್ತಿ ನಗುತ್ತಿತ್ತು. ಮುರಿಗೆಪ್ಪನ ಕಿವಿ ಸಿಟ್ಟಿಗೆ ಕಾದು ಕೆಂಪಾಗುತ್ತಿತ್ತು.

ಅವನೊಂದು ಉಪಾಯ ಮಾಡಿದ. ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಬಡಿಸಲು ನಿಂತ. ಮಾತೇ ಕೇಳಿಸದಿದ್ದರೆ ಸಿಟ್ಟು ಎಲ್ಲಿಂದ ಬರಬೇಕು?

ಆದರೆ ಪೈಲ್ವಾನರ ತುಟಿ ಅಲುಗಿದ್ದು ಕಂಡಿತು. ಆ ತುಟಿಗೆ ತಕ್ಕ ಮಾತನ್ನು ಮುರಿಗೆಪ್ಪ ತಾನೇ ಹೆಣೆದುಕೊಂಡ. ಪೈಲ್ವಾನರು ಜನ್ಮದಲ್ಲಿ ಆಡಿರದಂಥ ಮಾತು ಅದು. ಸೌಟು ಹಿಡಿದ ಕೈ ತಲೆಯ ಮೇಲಕ್ಕೆದ್ದಿತು.

ಪಕ್ಕದಲ್ಲಿ ಬಡಿಸುತ್ತಿದ್ದವನು ಆ ಕೈ ಹಿಡಿದುಕೊಂಡ. ಹತ್ತಿ ದಾಟಿ ಕೇಳಿಸುವಷ್ಟು ಗಟ್ಟಿಯಾಗಿ ಕಿವಿಯಲ್ಲಿ ಹೇಳಿದ.

"ಏ ಹುಚ್ಚಾ, ಅವರು ಉಪ್ಪು ಕೇಳ್ಯಾರ."

ಮುರಿಗೆಪ್ಪ ಸೌಟು ಅಲ್ಲೇ ಇಟ್ಟು, ಒಂದು ಕಿವಿಯ ಹತ್ತಿ ಕಿತ್ತುಕೊಂಡು ಗುರುಗಳ ಕೋಣೆಗೆ ಹೋದ. ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅಜ್ಜಾರು ಕಿಟಕಿಯ ಬಳಿ ಕೂತು ಹೊಳೆ ನೋಡುತ್ತಿದ್ದರು.

"ಅಜ್ಜಾರ, ನನಗ ಅಪ್ಪಣಿ ಕೊಡ್ರಿ. ಆ ದಂಡಿ ಗುಡ್ಡದಾಗ ಗವಿ ಐತಲ್ರಿ, ಅಲ್ಲಿಗೆ ಹೋಗ್ತೀನಿ."

"ಯಾಕ?"

"ಇಲ್ಲಿದ್ರ ಈ ಕೈ ಇನ್ನೊಂದು ತಲೀ ಒಡೀತೈತಿ. ಇವತ್ತ ಹಿಡಿಯಾವ್ರು ಇದ್ರು. ನಾಳೆ ಇರೂದಿಲ್ಲ."

ಮಠ ಬಿಟ್ಟರೆ ಅವನಿಗೆ ಮನೆಯೆಂಬುದು ಬೇರೆ ಇರಲಿಲ್ಲ. ಇರುವ ಒಂದು ಮನೆಯನ್ನು ತನ್ನ ಕೈಯಿಂದ ಉಳಿಸಬೇಕಾದರೆ ತಾನೇ ಹೊರಗೆ ಹೋಗಬೇಕು ಎಂದು ಅವನು ನಂಬಿದ್ದ. ಆ ನಂಬಿಕೆಯಲ್ಲಿ ಬಹಳ ದುಃಖವಿತ್ತು.

ಅಜ್ಜಾರು ಹೊಳೆಯ ಕಡೆ ಕೈ ತೋರಿಸಿದರು.

"ಗಾಡಿ ನೀರಾಗ ನಿಲ್ತೈತಲ್ಲ?"

"ಹೌದ್ರಿ."

"ಅದನ್ನ ನಿಲ್ಲದಂಗ ಮಾಡು. ಆಮ್ಯಾಲ ಹೋಗೂವಂತಿ."

ಮುರಿಗೆಪ್ಪನಿಗೆ ಇದು ನೀರು ಕುಡಿದಷ್ಟು ಸುಲಭದ ಕೆಲಸ. ಎಂಜಿನ್ನಿಗೆ ಕಿಡಿ ಕೊಡುವ ಪುಟ್ಟ ಕಪ್ಪು ಪೆಟ್ಟಿಗೆಯೊಂದು ಇರುತ್ತದೆ. ಗ್ಯಾರೇಜಿನವರು ಅದನ್ನು ಸಿಡಿಐ ಎನ್ನುತ್ತಾರೆ. ಈ ಗಾಡಿಯಲ್ಲಿ ಅದು ಕೆಳಗೆ, ಹಿಂದಿನ ಚಕ್ರದ ಮಗ್ಗುಲಲ್ಲೇ ಇತ್ತು. ಹೊಳೆ ದಾಟುವಾಗ ಚಕ್ರ ಎರಚಿದ ನೀರು ನೇರ ಅದಕ್ಕೇ ಹೊಡೆಯುತ್ತಿತ್ತು, ಒಳಗೆ ತೇವ ಇಳಿಯುತ್ತಿತ್ತು, ಕಿಡಿ ಸಾಯುತ್ತಿತ್ತು.

ಅವನು ಪೆಟ್ಟಿಗೆಗೆ ಪ್ಲಾಸ್ಟಿಕ್ ಸುತ್ತಿದ. ಅದರ ಮೇಲೆ ಟೇಪು ಸುತ್ತಿದ. ಟೇಪಿನ ಮೇಲೆ ಇನ್ನೊಂದು ಪ್ಲಾಸ್ಟಿಕ್. ಹಸುಗೂಸಿಗೆ ಕುಂಚಿಗೆ ಕಟ್ಟಿದ ಹಾಗಾಯಿತು.

"ಇನ್ನ ಒಂದು ಹನೀನೂ ಹೋಗಾಂಗಿಲ್ರಿ."

"ಹಂಗಾದ್ರ ನನ್ನ ದಾಟಸು," ಎಂದರು ಅಜ್ಜಾರು.

ಮೊದಮೊದಲು ದಾಟಿತು. ಮುರಿಗೆಪ್ಪ ಮೀಸೆ ತಿರುವಿದ, ಗವಿಗೆ ಹೊರಡಲು ಒಳ್ಳೆಯ ದಿನ ನೋಡತೊಡಗಿದ. ಅಷ್ಟರಲ್ಲಿ ಒಂದು ಬೆಳಿಗ್ಗೆ, ಹಿಂದೆ ಅಜ್ಜಾರು ಕೂತಿದ್ದಾಗಲೇ, ಗಾಡಿ ನಟ್ಟನಡು ಹೊಳೆಯಲ್ಲಿ ಕೆಮ್ಮಿ ನಿಂತಿತು. ಒದ್ದರೂ ಏಳಲಿಲ್ಲ, ಬೈದರೂ ಏಳಲಿಲ್ಲ.

ಅಜ್ಜಾರು ಕಾವಿ ಎತ್ತಿ ಕಟ್ಟಿ ನೀರಿಗಿಳಿದರು. ಗುರುವೂ ಶಿಷ್ಯನೂ ಗಾಡಿ ತಳ್ಳಿಕೊಂಡು ಮಠದ ದಂಡೆಗೆ ಬಂದರು.

ಮುರಿಗೆಪ್ಪ ನಾಚಿಕೆಯಿಂದ ಸತ್ತುಹೋದ. ಟೇಪು ಬಿಚ್ಚಿದ, ಪ್ಲಾಸ್ಟಿಕ್ ಬಿಚ್ಚಿದ, ಬೆಳಕಿಗೆ ಹಿಡಿದು ನೋಡಿದ. ಎಲ್ಲೂ ಹರಿದಿರಲಿಲ್ಲ. ಆದರೆ ಒಳಮೈ ತುಂಬ ಸಣ್ಣ ಸಣ್ಣ ಹನಿ. ಮಾಡಿದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

"ಒಂದು ತೂತಿಲ್ರಿ ಅಜ್ಜಾರ. ಮತ್ತ ಈ ನೀರು ಎಲ್ಲಿಂದ ಬಂತು?"

ಅಜ್ಜಾರು ಅಡುಗೆಮನೆಗೆ ನಡೆದರು. ಮುರಿಗೆಪ್ಪ ಹಿಂದೆ ಹೋದ. ಒಲೆಯಿಂದ ಆಗಷ್ಟೇ ಇಳಿಸಿದ ಜೋಳದ ನುಚ್ಚಿನ ಗಡಿಗೆಯ ಮುಚ್ಚಳವನ್ನು ಅಜ್ಜಾರು ತೆಗೆದರು.

"ಕೈ ಚಾಚು."

ಮುರಿಗೆಪ್ಪ ಚಾಚಿದ. ಅಜ್ಜಾರು ಮುಚ್ಚಳವನ್ನು ಅವನ ಅಂಗೈ ಮೇಲೆ ವಾಲಿಸಿದರು. ಬಿಸಿ ಬಿಸಿ ಹನಿಗಳು ತೊಟ್ಟಿಕ್ಕಿದವು.

"ಗಡಗ್ಯಾಗ ಮಳಿ ಆಗೇತೇನು?"

ಮುರಿಗೆಪ್ಪ ಅಂಗೈಯ ನೀರನ್ನೇ ನೋಡುತ್ತ ನಿಂತ. ಇನ್ನೊಂದು ಕೈ ಮೆಲ್ಲಗೆ ಕಿವಿಗೆ ಹೋಯಿತು. ಅಂದಿನಿಂದ ಆ ಒಂದು ಕಿವಿಯಲ್ಲಿ ಹತ್ತಿ ಹಾಗೇ ಇತ್ತು, ಪೈಲ್ವಾನರು ಎದುರಾದರೆ ಇರಲಿ ಎಂದು. ಈಗ ಕಿತ್ತು ನೋಡಿದ. ಬೆವರಿಗೆ ನೆನೆದು ಒದ್ದೆಯಾಗಿತ್ತು.

ಅಜ್ಜಾರು ಮುಚ್ಚಳವನ್ನು ಸ್ವಲ್ಪ ಓರೆ ಮಾಡಿಟ್ಟು ಹೊರಗೆ ಹೋದರು.

ಮುರಿಗೆಪ್ಪ ಗಾಡಿಯ ಸೀಟು ಬಿಚ್ಚಿ ಕೂತ. ಈ ಸಲ ಪ್ಲಾಸ್ಟಿಕ್ಕನ್ನು ಹತ್ತಿರ ಸೇರಿಸಲಿಲ್ಲ. ಪೆಟ್ಟಿಗೆ ಕೆಳಗಿದ್ದರೆ ನೀರು ಮುಟ್ಟುತ್ತದೆ. ಹ್ಯಾಂಡಲ್ಲಿನ ತನಕ ಒಯ್ದರೆ ತಂತಿ ಮುಟ್ಟುವುದಿಲ್ಲ. ಅಲ್ಲಿಟ್ಟು ನೋಡಿದ, ಇಲ್ಲಿಟ್ಟು ನೋಡಿದ. ಕೊನೆಗೆ ಟ್ಯಾಂಕಿನಡಿ, ಸೀಟಿನ ಮುಂದಿನ ತುದಿಯ ಹತ್ತಿರ ಒಂದು ಜಾಗ ಸಿಕ್ಕಿತು. ಅಲ್ಲಿಗೆ ಚಕ್ರದ ನೀರು ಹಾರುತ್ತಿರಲಿಲ್ಲ, ಗಾಳಿ ಆಡುತ್ತಿತ್ತು, ತಂತಿಯೂ ಸರಿಯಾಗಿ ಎಟುಕಿತು.

ರಬ್ಬರಿನ ತುಂಡು ಕೊಟ್ಟು ಪೆಟ್ಟಿಗೆಯನ್ನು ಅಲ್ಲಿ ಬಿಗಿದ. ತಂತಿ ಸೇರುವ ಬಾಯಿಯನ್ನು ನೆಲದ ಕಡೆ ತಿರುಗಿಸಿದ, ಹನಿ ಬಿದ್ದರೂ ಜಾರಿ ಹೋಗಲೆಂದು.

ಅಜ್ಜಾರು ಬಂದು ಬಗ್ಗಿ ನೋಡಿದರು.

"ಎಷ್ಟು ಸರಸಿದಿ?"

"ಒಂದು ಗೇಣ್ರಿ."

"ಅಷ್ಟ ಸಾಕಾತೇನು?"

"ಸಾಕ್ರಿ. ಇನ್ನ ನಿಂತ್ರ ನನ್ನ ಹೆಸರು ಮುರಿಗೆಪ್ಪ ಅಲ್ಲ."

ಆ ಮಾತು ಅವನು ಸುಮ್ಮನೆ ಆಡಿರಲಿಲ್ಲ. ತನ್ನ ಕೈಕೆಲಸ ಅವನಿಗೆ ಗೊತ್ತಿತ್ತು. ಅದೇ ಹುರುಪಿನಲ್ಲಿ ಎದ್ದು ಕೈ ಮುಗಿದ. ಅರ್ಧ ತಿಳಿದವನ ಹುರುಪು ದೊಡ್ಡದು.

"ನನಗ ತಿಳೀತ್ರಿ ಅಜ್ಜಾರ. ಮುಚ್ಚಿ ಇಡೂದಲ್ಲ, ಜಾಗಾ ಬದಲ ಮಾಡೂದು. ಅದಕ್ಕ ನಾನೂ ಜಾಗಾ ಬದಲ ಮಾಡ್ತೀನಿ. ನಾಳೆ ಗವಿಗೆ ಹೊಂಡ್ತೀನಿ."

ಅಜ್ಜಾರು ಗಾಡಿಯ ಸುತ್ತ ಒಂದು ಸುತ್ತು ಬಂದರು.

"ಹಂಗಾದ್ರ ಆ ಪೆಟಗೀನೂ ಬಿಚ್ಚು."

"ಯಾಕ್ರಿ?"

"ನನ್ನ ಖೋಲ್ಯಾಗ ಗ್ವಾಡಿಗೆ ಒಂದು ಮಾಡ ಐತಿ. ದೀಪ ಇಡೂ ಜಾಗ. ಇಡೀ ಮಠದಾಗ ಅದರಷ್ಟು ಒಣಾ ಜಾಗ ಇನ್ನೊಂದಿಲ್ಲ. ಅಲ್ಲಿ ಒಯ್ದು ಇಡು."

ಮುರಿಗೆಪ್ಪ ನಕ್ಕುಬಿಟ್ಟ.

"ಅಲ್ಲಿಟ್ರ ಗಾಡಿ ಹೆಂಗ ನಡೀತೈತ್ರಿ?"

ಅಜ್ಜಾರೂ ನಕ್ಕರು.

"ಅದೂ ಖರೇನ," ಎಂದರು. "ಇರಲಿ. ನಾಳೆ ಪರಸಪ್ಪ ಮೊಣಕಾಲಿಗೆ ಎಣ್ಣಿ ತಿಕ್ಕಿಸಿಕೊಳ್ಳಾಕ ಆ ದಂಡಿಗೆ ಹೋಗಬೇಕು. ಅವನ್ನ ದಾಟಸು. ನಿನ್ನ ಗವಿ ದಾರಿನೂ ಅದ. ಗಾಡಿ ಅಲ್ಲೇ ನಿಲ್ಲಿಸಿ ಹೋಗು. ಯಾರರ ತರ್ತಾರ."

ಅಪ್ಪಣೆ ಸಿಕ್ಕಿತ್ತು. ಆದರೆ ಬೇಡಿದ್ದು ಸಿಕ್ಕ ಸಂತೋಷ ಮುರಿಗೆಪ್ಪನಿಗೆ ಆಗಲಿಲ್ಲ. ಮರುದಿನ ಬಟ್ಟೆಬರೆ ತುಂಬಿದ ಚೀಲವನ್ನು ಹ್ಯಾಂಡಲ್ಲಿಗೆ ನೇತುಹಾಕುವಾಗ ಕಣ್ಣು ಮಂಜಾಯಿತು. ಮಠದ ಕಡೆ ತಿರುಗಿ ನೋಡದೆ ಗಾಡಿ ಚಾಲು ಮಾಡಿದ.

ಪೈಲ್ವಾನರು ಹಿಂದೆ ಹತ್ತಿ ಕೂತರು. ಗಾಡಿ ನೀರಿಗಿಳಿಯಿತು. ಅವರ ಬಾಯಿಯೂ ಶುರುವಾಯಿತು.

"ಗ್ರೀಸಯ್ಯಾ, ನನ್ನ ತಲೀ ಒಡಿಯೂದಿದ್ರ ಇಲ್ಲೇ ಒಡದು ಬಿಡಪಾ. ನಡು ಹೊಳಿ. ತೊಳಕೊಂಡೂ ಹೋಗ್ತೈತಿ, ಸಾಕ್ಷೀನೂ ಇರೂದಿಲ್ಲ."

ಮುರಿಗೆಪ್ಪನ ಕಿವಿ ಕಾಯಿತು. ಹತ್ತಿ ಇರಲಿಲ್ಲ, ಪ್ರತಿ ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು. ಕೈ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿಯಿತು. ಕೆಳಗೆ ಚಕ್ರ ನೀರು ಎರಚುತ್ತಿತ್ತು, ಗಾಡಿ ಮಾತ್ರ ಒಂದೇ ಸಮನೆ ಓಡುತ್ತಿತ್ತು.

"ಯಾಕ ಸುಮ್ಮನಾದಿ? ಪಾನಾ ಮರತು ಬಂದಿಯೇನು?"

ಆಗ ಅವನಿಗೆ ಇನ್ನೊಂದು ತಿಳಿಯಿತು. ಪೈಲ್ವಾನರ ಬೆರಳು ಅವನ ಹೆಗಲಲ್ಲಿ ನೆಟ್ಟಿದ್ದವು. ಬಾಯಿ ನಗುತ್ತಿತ್ತು, ಬೆರಳು ನಡುಗುತ್ತಿದ್ದವು. ನೀರು ಏರಿದಷ್ಟೂ ಮಾತು ಏರುತ್ತಿತ್ತು.

ಇಷ್ಟು ದಿನ ಆ ಮಾತನ್ನು ಕೇಳಿದ್ದ. ಮಾತಾಡುವವರನ್ನು ಒಮ್ಮೆಯೂ ನೋಡಿರಲಿಲ್ಲ.

"ಪೈಲ್ವಾನ್ರ, ಅಂಜಿಕಿ ಆಗೇತೇನ್ರಿ?"

ಹೆಗಲ ಮೇಲಿನ ಬೆರಳು ಇನ್ನಷ್ಟು ಬಿಗಿಯಾದವು.

"ನನಗ ಈಸು ಬರಾಂಗಿಲ್ಲ," ಎಂದರು ಪೈಲ್ವಾನರು. "ಹೊಳೀ ದಂಡ್ಯಾಗ ಹುಟ್ಟಿ, ಹೊಳಿ ಕಂಡ್ರ ಕೈಕಾಲು ತಣ್ಣಗಾಗ್ತಾವು. ಯಾರ ಮುಂದೂ ಹೇಳಬ್ಯಾಡ. ಗರಡಿ ಹುಡುಗೂರು ನಗ್ತಾವು."

"ಹೆಗಲು ಬಿಡ್ರಿ. ನಡಕ್ಕ ಕೈ ಹಾಕಿ ಗಟ್ಟಿ ಹಿಡೀರಿ."

ಎಷ್ಟೋ ಜನರನ್ನು ಮಣ್ಣಿಗೆ ಕೆಡವಿದ ತೋಳುಗಳು ಮುರಿಗೆಪ್ಪನ ನಡು ತಬ್ಬಿಕೊಂಡವು. ಅವನು ಗಾಡಿಯ ವೇಗ ತಗ್ಗಿಸಿದ. ಸಿಟ್ಟು ಇತ್ತು, ಎಲ್ಲೂ ಹೋಗಿರಲಿಲ್ಲ. ಆದರೆ ಅದು ಚಕ್ರದ ಬಳಿಯ ನೀರಿನಂತೆ ಕೆಳಗೇ ಉಳಿಯಿತು.

ಆ ದಂಡೆಯಲ್ಲಿ ಇಳಿದ ಮೇಲೆ ಪೈಲ್ವಾನರ ಕಣ್ಣು ಚೀಲದ ಮೇಲೆ ಬಿತ್ತು.

"ಇದೇನು?"

"ಗವಿಗೆ ಹೊಂಟೀನ್ರಿ. ಮಠ ಬಿಟ್ಟೆ."

ಪೈಲ್ವಾನರು ಹೊಳೆ ನೋಡಿದರು. ಆಮೇಲೆ ಮುರಿಗೆಪ್ಪನನ್ನು ನೋಡಿದರು.

"ಮತ್ತ ನನ್ನ ಹೊಳ್ಳಿ ಮಠಕ್ಕ ದಾಟಸೋರು?"

"ಯಾರರ ಬರ್ತಾರ್ರಿ."

"ಯಾರರ ನನಗ ಬ್ಯಾಡ," ಎಂದು ಗೊಣಗುತ್ತ ಅವರು ಎಣ್ಣೆ ತಿಕ್ಕುವವನ ಮನೆಯೊಳಗೆ ಹೋದರು.

ಮುರಿಗೆಪ್ಪ ಚೀಲ ಹೆಗಲಿಗೇರಿಸಿದ. ಗುಡ್ಡದ ಮೇಲೆ ಗವಿ ಕಾಣುತ್ತಿತ್ತು. ಗೋಡೆಯಲ್ಲಿ ಕೊರೆದ ಮಾಡದಷ್ಟೇ ಚಿಕ್ಕದಾಗಿ, ಬಿಸಿಲಿಗೆ ಒಣಗಿ ಬೆಳ್ಳಗೆ. ಬಹಳ ಹೊತ್ತು ಅದನ್ನೇ ನೋಡಿದ. ನೋಡುತ್ತ ನೋಡುತ್ತ ಅವನಿಗೆ ನಗು ಬಂತು.

ಚೀಲವನ್ನು ಮತ್ತೆ ಹ್ಯಾಂಡಲ್ಲಿಗೆ ಹಾಕಿ, ಪೈಲ್ವಾನರು ಹೊರಗೆ ಬರುವ ತನಕ ಮೆಟ್ಟಿಲ ಮೇಲೆ ಕೂತ.

ಬರುವಾಗ ನಡುನೀರಿನಲ್ಲಿ ಪೈಲ್ವಾನರು ಮತ್ತೆ ಬಾಯಿ ತೆರೆದರು.

"ಏನಪಾ ಗ್ರೀಸಯ್ಯಾ, ಗವ್ಯಾಗ ಗ್ರೀಸ್ ಸಿಗೂದಿಲ್ಲಂತ ಹೊಳ್ಳಿ ಬಂದ್ಯಾ?"

"ಕೈ ಬಿಟ್ಟು ಮಾತಾಡ್ರಿ ನೋಡೂಣು," ಎಂದ ಮುರಿಗೆಪ್ಪ.

ಪೈಲ್ವಾನರು ಕೈ ಬಿಡಲಿಲ್ಲ. ಗಾಡಿ ನಿಲ್ಲಲೂ ಇಲ್ಲ.

ಮಠದಲ್ಲಿ ದಾಸೋಹದ ಗಂಟೆ ಬಡಿದಿತ್ತು. ಅಜ್ಜಾರು ಬಾಗಿಲಲ್ಲೇ ನಿಂತಿದ್ದರು.

"ಗಾಡಿ ನಿಂತಿತೇನು?"

"ಇಲ್ರಿ."

"ಹೊಳ್ಯಾಗ ನೀರು ಇರಲಿಲ್ಲೇನು?"

"ಇತ್ರಿ. ದಿನಾ ಇದ್ದಷ್ಟ ಇತ್ತು."

ಮುರಿಗೆಪ್ಪ ತಲೆ ತಗ್ಗಿಸಿ ನಿಂತ. ಕೈಯಲ್ಲಿ ಚೀಲವಿತ್ತು, ಅದನ್ನು ಎಲ್ಲಿ ಇಳಿಸಬೇಕೆಂದು ತಿಳಿಯಲಿಲ್ಲ.

"ಅಜ್ಜಾರ, ಇದನ್ನ ಏನು ಮಾಡ್ಲಿರಿ?"

"ಚೀಲ ನನ್ನ ಖೋಲಿ ಮಾಡದಾಗ ಇಡು, ಭಾಳ ಒಣಾ ಜಾಗ. ನೀ ಸೌಟು ತಗೊಂಡು ಬಾ, ಪಂಕ್ತಿ ಕುಂತೈತಿ."