ಬಟ್ಟೆಯ ಕೆಳಗಿನ ಒನಕೆ

"ಗುರುಗಳೇ, ಮರದ ಸುರೂಪದ ಮುಂದೆ ಮೊಣಕಾಲೂರಿ ಕೈಮುಗಿಯುವುದು ವಿಗ್ರಹಾರಾಧನೆ ಅಲ್ಲವೇ?"

ಸುರೂಪ ಎಂದರೆ ಚರ್ಚಿನವರ ಮಾತಿನಲ್ಲಿ ಪ್ರತಿಮೆ. ಕೇಳಿದವನು ಚೌರಪ್ಪ. ಇನ್ನಾಸಪ್ಪ ಗುರುಗಳ ಬಳಿ ಉಪದೇಶಿಯ ಕೆಲಸ ಕಲಿಯುತ್ತಿದ್ದ ಶಿಷ್ಯ. ಗುರುಗಳಿಲ್ಲದ ಊರಿನಲ್ಲಿ ಚರ್ಚನ್ನು ನೋಡಿಕೊಂಡು ಜನರಿಗೆ ಜಪ ಹೇಳಿಕೊಡುವವನೇ ಉಪದೇಶಿ. ಅಂಥ ಕೆಲಸಕ್ಕೆ ಹೊರಟವನಿಗೆ ಇಂಥ ಪ್ರಶ್ನೆ ಏಳುವುದು ಸಹಜವೇ.

ಗುರುಗಳಿಗೆ ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿತ್ತು. ಆರಾಧನೆ ದೇವರೊಬ್ಬನಿಗೇ, ಸುರೂಪಕ್ಕೆ ಬರೀ ಗೌರವ, ಆ ಗೌರವವೂ ಮರಕ್ಕಲ್ಲ, ಮರ ಯಾರನ್ನು ನೆನಪಿಸುತ್ತದೆಯೋ ಅವರಿಗೆ. ಇಷ್ಟನ್ನು ಅವರು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸಬಲ್ಲರು. ಚೌರಪ್ಪನಿಗೂ ಇದು ಬಾಯಿಪಾಠ. ಗೊತ್ತಿದ್ದೂ ಕೇಳುತ್ತಿದ್ದಾನೆ ಎಂದರೆ ಅವನಿಗೆ ಬೇಕಾಗಿರುವುದು ಬೇರೆ ಎಂದು ಗುರುಗಳಿಗೆ ತಿಳಿಯಿತು. ಯಾರ ವಿಷಯ ಕೇಳುತ್ತಿದ್ದೀಯ ಎಂದರು. ಎಲ್ಲರ ವಿಷಯ ಎಂದ ಚೌರಪ್ಪ. ಗುರುಗಳು ನಕ್ಕರು. ಈ ಪ್ರಶ್ನೆಯನ್ನು ತನ್ನ ವಿಷಯವಾಗಿ ಕೇಳಿದವನನ್ನು ನಾನು ಈವರೆಗೆ ಕಂಡಿಲ್ಲ, ಎಲ್ಲರೂ ಪಕ್ಕದಲ್ಲಿ ಕೂತವರ ವಿಷಯವಾಗಿಯೇ ಕೇಳುತ್ತಾರೆ ಎಂದರು.

ಆಗ ಚೌರಪ್ಪ ನಿಜ ಹೇಳಿದ. ಅವನು ಪೇಟೆಯ ಒಂದು ಪ್ರಾರ್ಥನಾ ಕೂಟಕ್ಕೆ ಹೋಗಿಬಂದಿದ್ದ. ಸುರೂಪಕ್ಕೆ ಕೈಮುಗಿಯುವುದು ಪಾಪ ಎಂದು ಅಲ್ಲಿ ಕೇಳಿದ ಮಾತು ಮನಸ್ಸಿಗೆ ನಾಟಿತ್ತು. ಮನೆಗೆ ಬಂದವನೇ ಗೋಡೆಯ ಗೂಡಿನಲ್ಲಿ ಅವನ ತಾಯಿ ಇಟ್ಟುಕೊಂಡಿದ್ದ, ಯೇಸುವಿನ ತಾಯಿ ಮರಿಯಮ್ಮನವರ ಸುರೂಪವನ್ನು ತೆಗೆದು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದ. ತಾಯಿ ಗಂಡನನ್ನು ಕಳೆದುಕೊಂಡವರು. ಮಗನೊಡನೆ ಜಗಳವಾಡಲಿಲ್ಲ. ಮೊದಲಿನಂತೆಯೇ ಅಡುಗೆ ಮಾಡಿದರು, ಬಡಿಸಿದರು. ಸುರೂಪದ ಮುಂದೆ ಕೂರುತ್ತಿದ್ದ ಸಂಜೆ ಹೊತ್ತಿನಲ್ಲಿ ಮಾತ್ರ ಏನು ಮಾಡಬೇಕೆಂದು ತೋಚದೆ ಅಂಗಳ ಗುಡಿಸುತ್ತಾರೆ, ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಾರೆ. ಅದನ್ನು ನೋಡಿ ಚೌರಪ್ಪನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ನೀವು ವಿಗ್ರಹಾರಾಧನೆ ಎಂದರೆ ಸುರೂಪವನ್ನು ಒಲೆಗೆ ಹಾಕುತ್ತೇನೆ, ಅಲ್ಲ ಎಂದರೆ ಮತ್ತೆ ಗೂಡಿನಲ್ಲಿಡುತ್ತೇನೆ, ಎರಡರಲ್ಲಿ ಒಂದು ಹೇಳಿಬಿಡಿ ಎಂದ.

ಗುರುಗಳು ಒಂದನ್ನೂ ಹೇಳಲಿಲ್ಲ. ಬಾತುಕೊಂಡಿದ್ದ ಕಾಲನ್ನು ಚಾಚಿ, ಗೋಡೆಗೆ ಒರಗಿ, ಒಂದು ಕತೆ ಹೇಳಿದರು.

ಒಂದು ಊರು. ಯಾವ ಊರು ಎಂದು ಕೇಳಬೇಡ. ಹೆಸರು ತಿಳಿದ ಕೂಡಲೇ ಅದು ನಮ್ಮೂರಲ್ಲ ಎಂದು ನೀನು ಹಗುರಾಗಿಬಿಡುತ್ತೀಯ. ಆ ಊರಿನಲ್ಲಿ ಒಂದು ಸಣ್ಣ ಚರ್ಚು. ಗುರುಗಳು ತಿಂಗಳಿಗೊಮ್ಮೆ ಬಂದು ಪೂಜೆ ಮಾಡಿ ಹೋಗುವರು. ಉಳಿದ ದಿನ ಚರ್ಚು ಒಬ್ಬ ಉಪದೇಶಿಯ ಕೈಯಲ್ಲಿ. ಅಲ್ಲಿ ಮರಿಯಮ್ಮನವರ ಒಂದು ಹಳೆಯ ಮರದ ಸುರೂಪ ಇತ್ತು. ಅದರ ಮುಂದೆ ಎಲ್ಲ ಥರದವರೂ ಬರುತ್ತಿದ್ದರು. ದೇವರ ತಾಯಿಯನ್ನು ನೆನೆಯುವವರು ಇದ್ದರು. ಆ ಮರಕ್ಕೇ ಶಕ್ತಿ ಇದೆ ಎಂದು ಅದರ ಚಕ್ಕೆ ಕೆತ್ತಿ ತಾಯಿತದೊಳಗೆ ಕಟ್ಟಿಕೊಂಡವರೂ ಇದ್ದರು. ಎರಡನೆಯವರು ಇರಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ.

ಅದೇ ಊರಿನಲ್ಲಿ ಒಬ್ಬ ಹೆಂಗಸು. ಅವಳ ಗಂಡ ಗಾಡಿ ಹೊಡೆಯುತ್ತಿದ್ದವನು. ಲಕ್ವ ಹೊಡೆದು ಮಲಗಿದ. ಕೈಕಾಲು ಆಡದು, ಮಾತು ಹೊರಡದು. ಕಿವಿ ಮಾತ್ರ ಚೆನ್ನಾಗಿ ಕೇಳಿಸುತ್ತಿತ್ತು. ಅವಳು ಗಂಜಿ ಕುಡಿಸುವಳು, ಮಗ್ಗುಲು ಹೊರಳಿಸುವಳು, ಬಟ್ಟೆ ಒಗೆಯುವಳು, ಮತ್ತೆ ಒಗೆಯುವಳು. ವರ್ಷಗಳು ಹೀಗೇ ಹೋದವು. ಊರಿನವರು ಅವಳನ್ನು ಬಹಳ ಹೊಗಳಿದರು. ಹೆಂಡತಿ ಎಂದರೆ ಹಾಗಿರಬೇಕು ಎಂದು ಸೊಸೆಯರಿಗೆ ತೋರಿಸಿದರು. ಹೊಗಳುವುದಕ್ಕೆ ಏನು ಖರ್ಚು? ಅವಳ ಬದಲಿಗೆ ಒಂದು ದಿನ ಬಟ್ಟೆ ಒಗೆದವರು ಯಾರೂ ಇಲ್ಲ. ಆ ಹೊಗಳಿಕೆಯೇ ಅವಳ ಬಾಯಿಗೆ ಬೀಗ ಹಾಕಿತು. ಯಾಕೆಂದರೆ ಅವಳೊಳಗೆ ಒಂದು ಮಾತಿತ್ತು. ಇವನು ಸತ್ತರೆ ಸಾಕು ಎಂಬ ಮಾತು.

ಅದನ್ನು ಯಾರಿಗೆ ಹೇಳುವುದು? ನೆರೆಯವರಿಗೆ ಹೇಳಿದರೆ ಮೂಗಿನ ಮೇಲೆ ಬೆರಳಿಡುವರು. ಗುರುಗಳಿಗೆ ಹೇಳೋಣವೆಂದರೆ ಅವರು ಬರುವುದು ತಿಂಗಳಿಗೊಮ್ಮೆ, ಮಾತು ಏಳುವುದು ದಿನಕ್ಕೊಮ್ಮೆ. ಅದಕ್ಕೇ ಅವಳು ಸಂಜೆ ಗಂಡನಿಗೆ ಗಂಜಿ ಕುಡಿಸಿ, ಚರ್ಚಿಗೆ ಬಂದು, ಮರಿಯಮ್ಮನವರ ಸುರೂಪದ ಕಾಲ ಬಳಿ ಕೂತು, ಇವತ್ತೂ ಹಾಗೆ ಅನ್ನಿಸಿತು ತಾಯಿ, ಕ್ಷಮಿಸು, ನಾಳೆಗೆ ಒಂದಿಷ್ಟು ಶಕ್ತಿ ಕೊಡು ಎಂದು ಪಿಸುಗುಟ್ಟುವಳು. ಕಣ್ಣೊರೆಸಿಕೊಂಡು ಮನೆಗೆ ಹೋಗುವಳು. ಹೋದವಳು ಗಂಡನನ್ನು ಮತ್ತೆ ಮಗುವಿನಂತೆ ನೋಡಿಕೊಳ್ಳುವಳು. ಅವಳ ಬದುಕು ನಡೆಯುತ್ತಿದ್ದದ್ದು ಆ ಅರ್ಧ ಗಳಿಗೆಯಿಂದ.

ಯೇಸು ಮತ್ತೆ ಎದ್ದುಬಂದ ಪಾಸ್ಖ ಹಬ್ಬಕ್ಕೆ ಮುಂಚೆ, ತಪಸ್ಸುಕಾಲದ ಕೊನೆಯಲ್ಲಿ, ಚರ್ಚಿನ ಸುರೂಪಗಳಿಗೆಲ್ಲ ನೇರಳೆ ಬಟ್ಟೆ ಹೊದಿಸುತ್ತೇವಲ್ಲ. ಹೊಟ್ಟೆಗೆ ಉಪವಾಸವಿದ್ದಂತೆ ಕಣ್ಣಿಗೂ ಉಪವಾಸ. ಆ ವರ್ಷವೂ ಉಪದೇಶಿ ಬಟ್ಟೆ ಹೊದಿಸುವುದಕ್ಕೆ ಮುಂಚೆ ಧೂಳು ಒರೆಸೋಣವೆಂದು ಮರಿಯಮ್ಮನವರನ್ನು ಎತ್ತಿದ. ಎತ್ತಿದ ಕೂಡಲೇ ಸುರೂಪ ಸೊಂಟದಲ್ಲಿ ಮುರಿದು ಮಣ್ಣಿನಂತೆ ಉದುರಿತು. ಒಳಗೆಲ್ಲ ಗೆದ್ದಲು. ಇಷ್ಟು ದಿನ ಏನು ನೋಡುತ್ತಿದ್ದೆ ಎಂದು ಊರು ಕೇಳುವುದೆಂದು ಅವನಿಗೆ ಭಯವಾಯಿತು. ಮನೆಯಿಂದ ಒಂದು ಒನಕೆ ತಂದು ಪೀಠದ ಮೇಲೆ ನಿಲ್ಲಿಸಿದ. ಅದರ ತುದಿಗೆ ಒಂದು ಕುಡಿಕೆ ಬೋರಲು ಹಾಕಿದ. ಹೊಲದ ಬೆದರುಬೊಂಬೆ ಮಾಡಿದ ಕೈ, ಕೆಲಸ ಚೆನ್ನಾಗಿಯೇ ಆಯಿತು. ಮೇಲೆ ನೇರಳೆ ಬಟ್ಟೆ ಹೊದಿಸಿದ. ಹಬ್ಬದ ಹೊತ್ತಿಗೆ ಹೊಸದು ಕೆತ್ತಿಕೊಡು ಎಂದು ಬಡಗಿಯ ಕಾಲು ಹಿಡಿದ. ಹೆದರಿದವನು ಹೇಳುವ ಸುಳ್ಳಿಗೆ ಮುಂದೆ ಯಾರು ಬೆಲೆ ತೆರಬೇಕಾಗುತ್ತದೆ ಎಂದು ಅವನಿಗೆ ಆಗ ಗೊತ್ತಾಗುವುದಿಲ್ಲ.

ಹೆಂಗಸು ಎಂದಿನಂತೆ ಬಂದಳು, ಎಂದಿನಂತೆ ಹೇಳಿಕೊಂಡಳು, ಎಂದಿನಂತೆ ಹೋದಳು. ದಿನ ದಿನವೂ ಹಾಗೇ. ಮನೆಯಲ್ಲಿ ಗಂಡ ಹೊತ್ತು ಹೊತ್ತಿಗೆ ಗಂಜಿ ಕುಡಿದ. ಒನಕೆ ಎಂದು ಅವಳಿಗೆ ಗೊತ್ತಿರಲಿಲ್ಲ, ಅದರಿಂದ ಏನೂ ಕಡಿಮೆಯಾಗಲೂ ಇಲ್ಲ.

ಆ ಊರಿನಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನನ್ನು ಕೆಟ್ಟವನು ಎಂದುಕೊಳ್ಳಬೇಡ. ಅವನಿಗೆ ಒಬ್ಬ ಮಗನಿದ್ದ. ಮಗನಿಗೆ ಜ್ವರ ಬಂದಾಗ ಅದೇ ಸುರೂಪದ ಮುಂದೆ ಅವನು ಹರಕೆ ಹೊತ್ತಿದ್ದ, ದೀಪ ಹಚ್ಚಿದ್ದ, ಹಣೆ ಚಚ್ಚಿಕೊಂಡಿದ್ದ. ಮಗ ಉಳಿಯಲಿಲ್ಲ. ಅಂದಿನಿಂದ ಅವನಿಗೆ ಮರದ ಮುಂದೆ ಬಗ್ಗುವವರನ್ನು ಕಂಡರೆ ಆಗದು. ತಾನು ಮೋಸ ಹೋದಂತೆ ಬೇರೆಯವರು ಹೋಗಬಾರದು ಎಂಬುದು ಅವನ ಆಸೆ. ಆಸೆಯಲ್ಲಿ ತಪ್ಪೇನಿದೆ? ಧರ್ಮದ ಮಾತುಗಳನ್ನು ಅವನು ಚೆನ್ನಾಗಿ ಓದಿಕೊಂಡಿದ್ದ. ಓದಿದ್ದನ್ನು ಬಿಗಿಯಾಗಿ ಹಿಡಿದಿದ್ದ.

ಬಡಗಿಯ ಬಾಯಲ್ಲಿ ಗುಟ್ಟು ನಿಲ್ಲಲಿಲ್ಲ. ಒನಕೆಯ ಸುದ್ದಿ ಅಂಗಡಿಗೆ ಬಂತು. ವ್ಯಾಪಾರಿ ಮಾರನೆಯ ಸಂಜೆ ಚರ್ಚಿಗೆ ನಡೆದ. ಹೆಂಗಸು ಅಲ್ಲೇ ಕೂತಿದ್ದಳು. ಹಿಂದೆ ನಾಲ್ಕಾರು ಜನ ಜಪಸರ ಹಿಡಿದಿದ್ದರು. ಅವನು ನೇರವಾಗಿ ಹೋಗಿ ನೇರಳೆ ಬಟ್ಟೆ ಎಳೆದುಬಿಟ್ಟ. ಕುಡಿಕೆ ಉರುಳಿ ಒಡೆಯಿತು. ಒನಕೆ ನಿಂತಿತ್ತು.

"ನೋಡವ್ವ, ಇಷ್ಟು ದಿವಸ ನೀನು ಕಷ್ಟ ಹೇಳ್ಕೊಂಡಿದ್ದು ಇದಕ್ಕೆ" ಎಂದ.

ಹೆಂಗಸು ಒನಕೆಯನ್ನು ಬಹಳ ಹೊತ್ತು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಹಂಗಾದ್ರೆ ನಾನು ಹೇಳಿದ್ದ ಯಾರು ಕೇಳಿಸ್ಕೊಂಡ್ರು, ಸಾವ್ಕಾರ್ರೆ?" ಎಂದಳು.

"ದೇವರು ಎಲ್ಲ ಕಡೆ ಅವ್ನೆ. ಅವನಿಗೆ ಮರ ಯಾಕೆ, ಗುಡಿ ಯಾಕೆ? ಮನೇಲೇ ಕೂತ್ಕೊಂಡು ಹೇಳು, ಕೇಳ್ತಾನೆ."

ಅವನ ಮಾತಿನಲ್ಲಿ ಒಂದಕ್ಷರ ತಪ್ಪಿಲ್ಲ. ಪೂಜೆಯ ನಡುವೆ ಪ್ರಸಂಗ ಮಾಡುವಾಗ ನಾನು ಜನರಿಗೆ ಹೇಳುವುದೂ ಅದನ್ನೇ. ಹೆಂಗಸು ಹೌದು ಎಂದು ತಲೆಯಾಡಿಸಿ ಎದ್ದು ಹೋದಳು. ಉಪದೇಶಿ ಬೈಗುಳ ತಿಂದ. ಜಪಸರ ಹಿಡಿದಿದ್ದವರು ಒಂದು ವಾರ ಇದನ್ನೇ ಮಾತಾಡಿದರು. ಅಂದಿನಿಂದ ಆ ಹೆಂಗಸು ಯಾವ ಸುರೂಪದ ಮುಂದೆಯೂ ಬಗ್ಗಲಿಲ್ಲ. ವ್ಯಾಪಾರಿ ಗೆದ್ದ. ಒಂದು ಜೀವವಾದರೂ ಕಣ್ಣು ತೆರೆಯಿತಲ್ಲ ಎಂದು ಅವನು ಆ ದಿನ ಹೊಟ್ಟೆ ತುಂಬ ಉಂಡ.

ಅವಳು ಅವನು ಹೇಳಿದಂತೆಯೇ ಮಾಡಿದಳು. ಮನೆಯಲ್ಲಿ ಗೋಡೆಗೆ ಮುಖಮಾಡಿ ಕೂತಳು. ದೇವರು ಎಲ್ಲ ಕಡೆ ಇರುವುದು ನಿಜ. ಆದರೆ ಅದು ಒಂದೇ ಕೋಣೆಯ ಮನೆ. ಅಲ್ಲಿ ದೇವರು ಇದ್ದ, ಗಂಡನ ಕಿವಿಯೂ ಇತ್ತು. ಹೇಳಬೇಕಾದ ಮಾತು ಆ ಕಿವಿಗೆ ಬೀಳಬಾರದ ಮಾತು. ಅವಳು ತುಟಿ ಕಚ್ಚಿಕೊಂಡು ಎದ್ದಳು. ಮರುದಿನವೂ ಕೂತಳು, ಎದ್ದಳು. ಮತ್ತೆ ಚರ್ಚಿಗೆ ಹೋಗೋಣವೆಂದರೆ ಒನಕೆಯ ಮುಂದೆ ಕೂತವಳು ಎಂದು ಜನ ನಗುವರು. ಆಮೇಲೆ ಕೂರುವುದನ್ನೂ ಬಿಟ್ಟಳು. ಕೆಲಸ ಮಾತ್ರ ಉಳಿಯಿತು.

ಒಂದು ದಿನ ಬಟ್ಟೆ ಬದಲಿಸಿ ಕೈ ತೊಳೆದುಕೊಂಡು ಬರುವಷ್ಟರಲ್ಲಿ ಗಂಡ ಮತ್ತೆ ಹಾಸಿಗೆ ಕೆಡಿಸಿಕೊಂಡಿದ್ದ. ಪಾಪ, ಅವನು ಬೇಕೆಂದು ಮಾಡಿದ್ದಲ್ಲ. ಅವಳೂ ಕೂಗಾಡಲಿಲ್ಲ. ಹತ್ತಿರ ಕೂತು, ಚರ್ಚಿನಲ್ಲಿ ಹೇಳುತ್ತಿದ್ದಷ್ಟೇ ಮೆಲ್ಲಗೆ, ಅವನ ಮುಖ ನೋಡಿಕೊಂಡು ಕೇಳಿದಳು.

"ನೀನು ಯಾವಾಗ ಸಾಯ್ತೀಯ?"

ಅವನು ಅವಳನ್ನೇ ನೋಡಿದ. ಆಮೇಲೆ ಕಣ್ಣು ಮುಚ್ಚಿದ.

ಆ ಹೊತ್ತಿನ ಗಂಜಿಗೆ ಅವನು ಬಾಯಿ ತೆರೆಯಲಿಲ್ಲ. ಮರುಹೊತ್ತಿಗೂ ಇಲ್ಲ. ಅವನ ಮೈಯಲ್ಲಿ ಅವನ ಮಾತು ಕೇಳುತ್ತಿದ್ದದ್ದು ಬಾಯೊಂದೇ. ಅದನ್ನು ಅವನು ಬಿಗಿಯಾಗಿ ಮುಚ್ಚಿಕೊಂಡ. ಅವಳು ಕಾಲು ಹಿಡಿದಳು. ಸಿಟ್ಟಿನಲ್ಲಿ ಆಡಿದ್ದು ಎಂದಳು, ತಪ್ಪಾಯಿತು ಎಂದಳು, ಚಮಚ ಹಿಡಿದು ಅತ್ತಳು. ಅವನು ಸಿಟ್ಟು ಮಾಡಿಕೊಂಡಿರಲಿಲ್ಲ. ಹೆಂಡತಿ ಕೇಳಿದ್ದನ್ನು ಕೊಡುತ್ತಿದ್ದ, ಅಷ್ಟೇ. ಅವನಿಗೆ ಕೊಡಲು ಸಾಧ್ಯವಿದ್ದದ್ದೂ ಅದೊಂದೇ. ಪಾಸ್ಖ ಹಬ್ಬ ಬರುವುದಕ್ಕೆ ಮುಂಚೆಯೇ ಅವನು ತೀರಿಕೊಂಡ.

ಲಕ್ವದವನು ಸತ್ತ ಎಂದು ಊರು ಹೇಳಿತು. ಜವಳಿ ವ್ಯಾಪಾರಿ ಹೊಸ ಬಟ್ಟೆ ತಂದು ಹೆಣಕ್ಕೆ ಹೊದಿಸಿದ, ಹೆಗಲು ಕೊಟ್ಟ, ಗುಂಡಿಗೆ ಇಳಿಸಿದ. ಅವನ ಮನಸ್ಸು ಒಳ್ಳೆಯದೇ ಎಂದು ಮೊದಲೇ ಹೇಳಿದೆನಲ್ಲ. ಮಣ್ಣು ಹಾಕಿ ಬಂದ ಮೇಲೆ ಹೆಂಗಸಿನ ಮುಂದೆ ನಿಂತು, ನೋಡಿದೆಯಾ ತಾಯಿ, ಮನೆಯಲ್ಲಿ ಕೂತು ಹೇಳಿಕೊಂಡೆ, ದೇವರು ಕೇಳಿಸಿಕೊಂಡು ನಿನ್ನ ಕಷ್ಟ ಪರಿಹರಿಸಿದ ಎಂದು ಸಮಾಧಾನ ಹೇಳಿದ. ಅವಳು ಅವನ ಮುಖ ನೋಡಿ ಒಳಗೆ ಹೋದಳು. ಆಮೇಲೆ ಅವಳು ಯಾರ ಮುಂದೆಯೂ ಏನನ್ನೂ ಹೇಳಿಕೊಳ್ಳಲಿಲ್ಲ. ಹಬ್ಬಕ್ಕೆ ಬಡಗಿ ಹೊಸ ಸುರೂಪ ತಂದು ನಿಲ್ಲಿಸಿದ. ಹಳೆಯದಕ್ಕಿಂತ ಚೆನ್ನಾಗಿತ್ತು ಎನ್ನುತ್ತಾರೆ. ಅವಳು ನೋಡಲು ಹೋಗಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಕತೆ ಹೇಳಿ ಅವರಿಗೆ ದಣಿವಾಗಿತ್ತು. ಇಂಥ ಕತೆಗಳನ್ನು ಹೇಳುವುದೇ ಒಂದು ದಣಿವು; ಕೇಳಿದವರು ಎದ್ದು ಹೋಗುವಾಗ ವ್ಯಾಪಾರಿಯನ್ನು ಬೈದುಕೊಂಡು ಹೋಗುತ್ತಾರೆ, ಅಲ್ಲಿಗೆ ಅವರ ಧರ್ಮ ಮುಗಿಯುತ್ತದೆ.

ಚೌರಪ್ಪನಿಗೆ ಹೆಂಗಸಿನ ಮೇಲೆ ಕನಿಕರ ಬಂದಿತ್ತು. ಆದರೂ ತಾನು ಕೇಳಲು ಬಂದದ್ದಕ್ಕೆ ಉತ್ತರ ಸಿಕ್ಕಿರಲಿಲ್ಲ. ಕಲಿತವನ ಕಷ್ಟವೇ ಅದು, ಕಣ್ಣಲ್ಲಿ ನೀರು ಬಂದರೂ ಪ್ರಶ್ನೆ ಒಣಗುವುದಿಲ್ಲ.

"ಎಲ್ಲ ಸರಿ ಗುರುಗಳೇ. ಆದರೆ ಒನಕೆಗೆ ಕೈಮುಗಿದದ್ದು ಮುಗಿದದ್ದೇ ಅಲ್ಲವೇ? ಈಗ ಅಟ್ಟದ ಮೇಲಿರೋದನ್ನ ನಾನು ಒಲೆಗೆ ಹಾಕಲೋ, ಗೂಡಿಗೆ ಇಡಲೋ?"

ಗುರುಗಳು ಕಣ್ಣು ಮುಚ್ಚಿಕೊಂಡೇ ಹೇಳಿದರು:

"ಎಲ್ಲಿಗಾದರೂ ಹಾಕು ಚೌರಪ್ಪ, ಅದಕ್ಕೆ ಮೊದಲು ನಿಮ್ಮಮ್ಮನ ಎದುರಿಗೆ ನೀನು ಹೋಗಿ ಕೂತ್ಕೊಂಡು, ಅವರು ಅದಕ್ಕೆ ಹೇಳ್ಕೊಳ್ತಿದ್ದದ್ದನ್ನೆಲ್ಲ ಕೇಳಿಸ್ಕೊಂಡು ಬಾ."