ಮಂಡಿಚಿಪ್ಪಿನ ಪಾಠ

ಹೊಳೆದಡದ ಆ ಆಶ್ರಮದಲ್ಲಿ ಮೂಳೆ ಕಟ್ಟುವ ವಿದ್ಯೆ ಕಲಿಸುತ್ತಿದ್ದರು. ಗುರುಗಳ ಮುಂದೆ ಕಾಲು ಮಡಚಿ ಕೂರಲಾರದವರಿಗೆ ಅಲ್ಲಿ ಪಾಠವಿರಲಿಲ್ಲ.

ಸಣ್ಣೀರಮ್ಮನ ಬಲಮಂಡಿ ಮಡಚುತ್ತಿರಲಿಲ್ಲ. ಆಶ್ರಮದ ಗೋಡೆಗಳಿಗೆ ಹೊಳೆಯಿಂದ ಕಲ್ಲು ಹೊತ್ತು ಹೊತ್ತು ಸವೆದ ಮಂಡಿ ಅದು.

ಒಂದು ಬೆಳಿಗ್ಗೆ ಅವಳು ಪಾಠಕ್ಕೆ ಬಂದು, ಕಾಲು ಚಾಚಿ ಕೂತಳು.

ಹಿರಿಯ ಶಿಷ್ಯ ವಿರೂಪಣ್ಣ ಸಿಡುಕಿದ. "ಗುರುಗಳ ಕಡೆಗೆ ಕಾಲು ಚಾಚುತ್ತೀಯಾ? ಎದ್ದು ಹೊರಗೆ ನಡಿ!"

"ಕಲ್ಲು ಹೊರುವಾಗ ಯಾರೂ ಹೊರಗೆ ನಡಿ ಅನ್ನಲಿಲ್ಲವಲ್ಲ, ಅಣ್ಣಾ?"

ಅವಳು ಗುರುಗಳತ್ತ ನೋಡಿದಳು. ಅವರು ಮಾತಾಡಲಿಲ್ಲ. ಅವಳಿಗೆ ಸಿಟ್ಟಿನಿಂದ ಮೈಯೆಲ್ಲ ಉರಿಯಿತು. ಎದ್ದಳು, ಆದರೆ ಹೊಸ್ತಿಲಾಚೆಯ ಜಗಲಿಯಲ್ಲೇ ಕಾಲು ನೀಡಿ ಕೂತುಬಿಟ್ಟಳು.

ಗುರುಗಳು ಪಾಠ ಶುರು ಮಾಡಿದರು. "ವಿರೂಪಣ್ಣ, ಮಂಡಿಯಲ್ಲಿ ಏನೇನಿದೆ?"

"ಮೇಲೆ ತೊಡೆಯ ಮೂಳೆ, ಕೆಳಗೆ ಕಣಕಾಲ ಮೂಳೆ. ನಡುವೆ ಎರಡು ಮೆತ್ತೆ. ಒಳಗೆ ಕತ್ತರಿಯ ಹಾಗೆ ಹಾಯ್ದ ಎರಡು ಹುರಿ. ಮುಂದೆ ಚಿಪ್ಪು."

"ಚಿಪ್ಪು ಅಲುಗುತ್ತದೆಯೇ?"

"ಇಲ್ಲ. ಹನ್ನೊಂದು ವರ್ಷದಿಂದ ಕಿರಿಯರಿಗೂ ಹಾಗೇ ಹೇಳಿಕೊಟ್ಟಿದ್ದೇನೆ."

"ಮುಟ್ಟಿ ನೋಡಿ."

ಮಡಚಿ ಕೂತವರೆಲ್ಲ ತಮ್ಮ ತಮ್ಮ ಮಂಡಿಚಿಪ್ಪನ್ನು ಒತ್ತಿ ನೋಡಿದರು. ಒಬ್ಬರದೂ ಅಲುಗಲಿಲ್ಲ.

"ನನ್ನದು ಅಲುಗುತ್ತದೆ," ಜಗಲಿಯಿಂದ ದನಿ ಬಂತು. "ಆ ಕಡೆಗೂ ಹೋಗುತ್ತದೆ, ಈ ಕಡೆಗೂ."

ವಿರೂಪಣ್ಣ ನಕ್ಕ. "ನಿನ್ನದು ಕೆಟ್ಟ ಮಂಡಿ."

"ಎಡದ್ದು ನೆಟ್ಟಗಿದೆ, ಅದೂ ಅಲುಗುತ್ತದೆ. ದಿನಾ ಎಣ್ಣೆ ತಿಕ್ಕುವವಳು ನಾನು, ನನಗೆ ಗೊತ್ತಿಲ್ಲವೇ? ಒಂದು ಸಲ ಕಾಲು ಚಾಚಿ, ಸಡಿಲ ಬಿಟ್ಟು ನೋಡು ಮಾರಾಯ!"

ವಿರೂಪಣ್ಣ ಗುರುಗಳ ಮುಖ ನೋಡಿದ. ಅವರು ಆಗಲಿ ಎಂಬಂತೆ ತಲೆಯಾಡಿಸಿದರು. ಅವನು ನಾಚುತ್ತ ಕಾಲು ಚಾಚಿದ. ಹೆಬ್ಬೆರಳು ತಾಕಿದ್ದೇ ತಡ, ಚಿಪ್ಪು ಪಕ್ಕಕ್ಕೆ ಜಾರಿತು.



ಸಣ್ಣೀರಮ್ಮನ ಸಿಟ್ಟು ಇಳಿಯಲಿಲ್ಲ. ಗುರುಗಳ ಕಡೆಗೇ ತಿರುಗಿತು. "ನಿಮಗಿದು ಗೊತ್ತಿತ್ತು. ಇವನು ತಪ್ಪು ಹೇಳಿಕೊಟ್ಟಾಗಲೂ ಸುಮ್ಮನಿದ್ದಿರಿ, ನನ್ನನ್ನು ಎಬ್ಬಿಸಿದಾಗಲೂ ಸುಮ್ಮನಿದ್ದಿರಿ. ಇದು ಯಾವ ಸೀಮೆಯ ಗುರುತನ, ಸ್ವಾಮಿ?"

ಗುರುಗಳು ತಮ್ಮ ಚಾಪೆಯಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಸುಮ್ಮನಿದ್ದದ್ದು ನನ್ನ ತಪ್ಪು. ಇನ್ನೂ ಬೈಯುವುದಿದ್ದರೆ ಇಲ್ಲಿ ಕಾಲು ಚಾಚಿ ಕೂತು ಬೈಯಮ್ಮ. ಇವರು ಇನ್ನೂ ಮಂಡಿಯನ್ನೇ ನೋಡಿಲ್ಲ."